ಪ್ರಾಣಿಗಳನ್ನು ಸಾಕ್ಷಿಗೆ ಕರೆಯಬೇಕೆ?

ನಮ್ಮ ಕಾಲೇಜಿನ ಚರ್ಚಾಕೂಟಗಳಲ್ಲಿ ವಿಷಯ ಯಾವುದೇ ಆಗಿರಲಿ, ಮಾತು ಒಮ್ಮೆ ಹೆಣ್ಣುಗಂಡುಗಳ ಸ್ಥಾನಮಾನದ ಕಡೆಗೆ ಹೊರಳಿತೆಂದರೆ ಸಾಕು, ಯಾರಾದರೊಬ್ಬರು ಎದ್ದುನಿಂತು "ಪ್ರಾಣಿಪ್ರಪಂಚವನ್ನು ನೋಡಿ" ಎಂದು ಆರಂಭಿಸುತ್ತಾರೆ. ಗಂಡು ಹೊರಗೆ ಅಲೆಯುವುದು, ಹೆಣ್ಣು ಗೂಡಿನಲ್ಲಿ ಕುಳಿತು ಮರಿ ಸಾಕುವುದು ಸೃಷ್ಟಿಯ ನಿಯಮವೆಂದು ಒಬ್ಬರು ಹೇಳುತ್ತಾರೆ. ಪಕ್ಷಿಗಳ ಪಾತಿವ್ರತ್ಯವನ್ನು ಕಂಡು ಮನುಷ್ಯರು ನಾಚಬೇಕೆಂದು ಇನ್ನೊಬ್ಬರು ಸಾರುತ್ತಾರೆ. ಆನೆಯ ಹಿಂಡಿಗೆ ಹೆಣ್ಣೇ ಯಜಮಾನಿಯೆಂದು ವಿದ್ಯಾರ್ಥಿನಿಯೊಬ್ಬಳು ಉತ್ತರ ಕೊಡುತ್ತಾಳೆ. ಮೂವರಿಗೂ ಚಪ್ಪಾಳೆ ಬೀಳುತ್ತದೆ. ತೀರ್ಪುಗಾರರೂ ಮೂವರಿಗೂ ಅಂಕ ಕೊಡುತ್ತಾರೆ. ಆದರೆ ಹೀಗೆ ಸಾಕ್ಷಿಕಟ್ಟೆಗೆ ಎಳೆದುತಂದ ಪ್ರಾಣಿಗಳು ನಿಜವಾಗಿ ಏನು ಹೇಳುತ್ತಿವೆಯೆಂದು ಕೇಳುವವರು ವಿರಳ. ಅದನ್ನು ಕೇಳಿ ನೋಡುವುದೇ ಈ ಲೇಖನದ ಉದ್ದೇಶ.

ಇದು ಕೇವಲ ಚರ್ಚಾಕೂಟದ ಮಾತಾಗಿದ್ದರೆ ನಾನು ಇಷ್ಟು ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಹಳ್ಳಿಗಳಲ್ಲಿ ದನಕರುಗಳೊಡನೆ ಬೆಳೆದವರು ನಾವು. ಹಸು ಬೆದೆಗೆ ಬಂದಿತೆಂದೂ, ಹೋರಿಗೆ ಬಿಡಬೇಕೆಂದೂ, ಗಬ್ಬ ನಿಂತಿತೆಂದೂ ಹೆಂಗಸರು ಮಕ್ಕಳೆನ್ನದೆ ಎಲ್ಲರೂ ಜಗುಲಿಯ ಮೇಲೆ ಮಾತನಾಡುತ್ತೇವೆ. ಅದರಲ್ಲಿ ನಾಚಿಕೆಯೇನೂ ಇಲ್ಲ. ಅದೇ ಮಾತು ಮನುಷ್ಯರ ಬಗ್ಗೆ ಬಂದಾಗ ಮಾತ್ರ ನಮಗೆ ನಾಚಿಕೆ. ಆಗ ನೇರವಾಗಿ ಹೇಳಲಾರದ್ದನ್ನು ದನದ ಬಾಯಿಂದ ಹೇಳಿಸುತ್ತೇವೆ. ಕಷ್ಟವಿರುವುದು ಅಲ್ಲಿಯೇ.

ನಮ್ಮ ಊರಿನ ಕಡೆಯ ಒಂದು ನ್ಯಾಯಪಂಚಾಯಿತಿಯನ್ನು ನಾನು ಕಂಡಿದ್ದೇನೆ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಂದು ಮದುವೆ ಮಾಡಿಕೊಳ್ಳಬೇಕೆಂದಿದ್ದ. ಹೆಂಡತಿ ಕಂಬಕ್ಕೆ ಒರಗಿ ತಲೆ ತಗ್ಗಿಸಿ ನಿಂತಿದ್ದಳು. ಹಿರಿಯರೊಬ್ಬರು, "ಒಂದು ಹೋರಿಗೆ ಒಂದೇ ಹಸ ಅಂತ ಎಲ್ಲಾದ್ರೂ ಉಂಟಾ?" ಎಂದರು. ಎಲ್ಲರೂ ತಲೆದೂಗಿದರು. ಮೂಲೆಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಒಬ್ಬ ಅಜ್ಜಿ ಕತ್ತೆತ್ತಿ, "ಅಲ್ಲ ಯಜಮಾನ್ರೇ, ಗಬ್ಬ ನಿಲ್ಲದಿದ್ರೆ ಹೋರೀನೂ ಬದಲಾಯಿಸ್ತೀರಲ್ಲ, ಅದನ್ನ ಯಾಕೆ ಹೇಳಕಿಲ್ಲ?" ಎಂದಳು. ಪಂಚಾಯಿತಿ ಆ ದಿನಕ್ಕೆ ಮುಗಿಯಿತು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಸಂಗಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆಂದು ವೈದ್ಯರು ಹೇಳುತ್ತಾರೆ. ಅಜ್ಜಿ ವೈದ್ಯಶಾಸ್ತ್ರ ಓದಿದವಳಲ್ಲ, ದನ ಸಾಕಿದವಳು. ದನದ ಸಾಕ್ಷ್ಯವನ್ನು ಅರ್ಧ ಮಾತ್ರ ಹೇಳಿ ಉಳಿದರ್ಧವನ್ನು ಮುಚ್ಚಿಟ್ಟದ್ದು ಅವಳಿಗೆ ಗೊತ್ತಾಯಿತು, ಅಷ್ಟೆ.

ಈ ಚಾಳಿ ಹೊಸದೇನಲ್ಲ. ಕಾಳಿದಾಸನ ಶಾಕುಂತಲದ ಐದನೆಯ ಅಂಕವನ್ನು ಓದಿದವರಿಗೆ ಇದು ನೆನಪಿದ್ದೀತು. ತನ್ನ ಗರ್ಭವನ್ನು ಹೊತ್ತು ಬಂದ ಶಕುಂತಲೆಯನ್ನು ದುಷ್ಯಂತ ತುಂಬಿದ ಸಭೆಯಲ್ಲಿ ಗುರುತಿಸುವುದಿಲ್ಲ. ಗುರುತಿಸದಿದ್ದುದು ಶಾಪದ ಫಲ, ಇರಲಿ. ಆದರೆ ಅವಳ ಮಾತನ್ನು ಸುಳ್ಳೆನ್ನಲು ಅವನು ತಂದ ಸಾಕ್ಷಿ ಯಾವುದು? ಕೋಗಿಲೆ! ಕಲಿಸದೆಯೇ ವಂಚನೆ ಬಲ್ಲದ್ದು ಹೆಣ್ಣುಜಾತಿ, ಹೆಣ್ಣುಕೋಗಿಲೆ ತನ್ನ ಮರಿಗಳನ್ನು ಬೇರೆ ಹಕ್ಕಿಗಳಿಂದ ಸಾಕಿಸಿಕೊಳ್ಳುವುದಿಲ್ಲವೇ ಎಂದು ಅವನ ವಾದ. ಪಕ್ಷಿಶಾಸ್ತ್ರದ ಮಟ್ಟಿಗೆ ರಾಜನ ಮಾತು ಸರಿಯೇ. ಕೋಗಿಲೆಗೆ ಪರಭೃತ, ಅಂದರೆ ಪರರಿಂದ ಪೋಷಿತವಾದದ್ದು, ಎಂಬ ಹೆಸರು ಬಂದದ್ದೇ ಅದಕ್ಕಾಗಿ. ಆದರೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಈ ವ್ಯವಹಾರದಲ್ಲಿ ಗಂಡುಕೋಗಿಲೆಗೆ ಪಾಲಿಲ್ಲವೆ? ಗಂಡು ಕೂಗುತ್ತ ಎದುರಿಗೆ ಸುಳಿದು ಕಾಗೆಗಳನ್ನು ತನ್ನ ಬೆನ್ನಟ್ಟಿಸಿಕೊಂಡು ಹೋಗುವುದುಂಟೆಂದೂ, ಆ ಸಮಯ ನೋಡಿ ಹೆಣ್ಣು ಗೂಡಿಗೆ ಇಳಿಯುವುದೆಂದೂ ಪಕ್ಷಿವೀಕ್ಷಕರು ಬರೆದಿದ್ದಾರೆ. ರಾಜನಿಗೆ ಹೆಣ್ಣು ಮಾತ್ರ ಕಾಣಿಸಿತು. ಕೊನೆಗೆ ಉಂಗುರ ದೊರೆತು ಶಕುಂತಲೆಯ ಮಾತೇ ಸತ್ಯವಾಯಿತೆಂಬುದನ್ನು ನಾವು ಬಲ್ಲೆವು. ಕೋಗಿಲೆಯ ವಿಷಯದಲ್ಲಿ ನಿಜವಾದದ್ದು ಶಕುಂತಲೆಯ ವಿಷಯದಲ್ಲಿ ಸುಳ್ಳಾಗಿತ್ತು.

ಹಳೆಯ ಕಾಲದ ಮಾತಾಯಿತು ಎನ್ನುವಿರಾ? 2017ರಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳೊಬ್ಬರು ನಿವೃತ್ತಿಯ ದಿನ ಪತ್ರಿಕೆಯವರೊಡನೆ ಮಾತನಾಡುತ್ತ, ನವಿಲು ಆಜನ್ಮ ಬ್ರಹ್ಮಚಾರಿ, ಅದರ ಕಣ್ಣೀರನ್ನು ಕುಡಿದೇ ಹೆಣ್ಣುನವಿಲು ಗರ್ಭ ಧರಿಸುತ್ತದೆ ಎಂದು ಹೇಳಿದ್ದು ದೇಶದ ತುಂಬ ಸುದ್ದಿಯಾಯಿತು. ಹುಣಸೂರಿನ ಸುತ್ತಣ ಹೊಲಗಳಲ್ಲಿ ನವಿಲನ್ನು ಕಾಣದವರಿಲ್ಲ. ಮುಂಗಾರಿನಲ್ಲಿ ಗಂಡುಗಳು ಗರಿ ಬಿಚ್ಚಿ ಕುಣಿಯುತ್ತವೆ. ಹೆಣ್ಣುಗಳು ಮೇಯುವಂತೆ ನಟಿಸುತ್ತ ಒಂದೊಂದನ್ನೂ ನೋಡಿ ಹೋಗುತ್ತವೆ. ತಮಗೆ ಒಪ್ಪಿಗೆಯಾದ ಗಂಡಿನೊಡನೆ, ಮನೆಯ ಕೋಳಿಗಳು ಕೂಡುವಂತೆಯೇ ಕೂಡುತ್ತವೆ. ಮೊಟ್ಟೆಯಿಟ್ಟು ಕಾವು ಕೊಡುವುದೂ ಮರಿ ನೋಡಿಕೊಳ್ಳುವುದೂ ಹೆಣ್ಣಿನ ಪಾಲು. ಬ್ರಹ್ಮಚರ್ಯ ದೊಡ್ಡ ವ್ರತವಿರಬಹುದು. ಅದನ್ನು ನವಿಲಿಗೆ ಹೊರಿಸಬೇಕಾದ ಅಗತ್ಯ ಮಾತ್ರ ನನಗೆ ಕಾಣುವುದಿಲ್ಲ.

ಹಾಗಾದರೆ ಸಾಕ್ಷಿಗಳನ್ನೇ ಒಂದೊಂದಾಗಿ ವಿಚಾರಿಸೋಣ. ದೂರ ಹೋಗಬೇಕಾಗಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳ ಗದ್ದೆ, ಕೆರೆ, ಕಾಡುಗಳೇ ಸಾಕು.

ಕೆ.ಆರ್. ನಗರದ ಕಡೆಯ ಗದ್ದೆಬಯಲಿನಲ್ಲಿ ಮಳೆಗಾಲದಲ್ಲಿ ಬಾವಿಯ ಮೇಲೆ ಬಾಗಿದ ಜಾಲಿಗೋ ಈಚಲಿಗೋ ಗೀಜಗನ ಗೂಡುಗಳು ಜೋತಾಡುತ್ತವೆ. ಗೂಡನ್ನು ಹೆಣೆಯುವುದು ಗಂಡು. ಅರ್ಧ ಹೆಣೆದು ನಿಲ್ಲಿಸಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು, ಒಳಗೆ ಹೊಕ್ಕು, ಎಳೆದು ನೋಡಿ, ಒಪ್ಪಿದರೆ ಸಂಸಾರ. ಒಪ್ಪದಿದ್ದರೆ ಆ ಗೂಡು ಹಾಗೆಯೇ ಪಾಳು. ಒಪ್ಪಿದ ಮೇಲೆ ಗಂಡು ಗೂಡನ್ನು ಪೂರ್ತಿ ಮಾಡಿ, ಹೆಣ್ಣು ಮೊಟ್ಟೆಯಿಟ್ಟೊಡನೆ ಪಕ್ಕದಲ್ಲಿ ಇನ್ನೊಂದು ಗೂಡಿಗೆ ಹುಲ್ಲೆಳೆ ತರಲು ಹೊರಡುತ್ತದೆ, ಇನ್ನೊಂದು ಹೆಣ್ಣನ್ನು ಕರೆಯಲು. ಇದನ್ನು ಡಾ. ಸಲೀಂ ಅಲಿಯವರು ದಿನಗಟ್ಟಲೆ ಕುಳಿತು ನೋಡಿ 1931ರಲ್ಲೇ ಬರೆದರು. ಗಂಡಿನ ಕಡೆಯ ವಕೀಲರು ಇಲ್ಲಿ ಸಂತೋಷಪಡಬಹುದು. ಆದರೆ ಆಯ್ಕೆ ಯಾರದೆಂಬುದನ್ನು ಅವರು ಮರೆಯಬಾರದು.

ಅದೇ ಬಯಲಿನ ಕೆರೆಗೆ ಬನ್ನಿ. ತಾವರೆಯೆಲೆಗಳ ಮೇಲೆ ಉದ್ದ ಬೆರಳುಗಳನ್ನು ಹರಡಿಕೊಂಡು ಓಡಾಡುವ ಉದ್ದಬಾಲದ ದೇವನಕ್ಕಿಯಲ್ಲಿ ಎಲ್ಲವೂ ತಿರುವುಮುರುವು. ಹೆಣ್ಣು ಗಾತ್ರದಲ್ಲಿ ದೊಡ್ಡದು. ಒಂದು ಗಂಡಿಗೆ ನಾಲ್ಕು ಮೊಟ್ಟೆಯಿಟ್ಟು ಕೊಟ್ಟು ಮುಂದಿನ ಗಂಡನ್ನು ಸೇರುತ್ತದೆ. ಒಂದೇ ಋತುವಿನಲ್ಲಿ ಹೀಗೆ ಹಲವು ಗಂಡುಗಳು. ಸುಮಾರು ನಾಲ್ಕು ವಾರ ಕಾವು ಕೊಟ್ಟು, ಹುಟ್ಟಿದ ಮರಿಗಳನ್ನು ಎಲೆಯಿಂದ ಎಲೆಗೆ ನಡೆಸಿಕೊಂಡು ಕಾಯುವವನು ತಂದೆ. ಗೀಜಗನನ್ನು ಸಾಕ್ಷಿಗೆ ಕರೆದವರು ಕೆರೆಯ ಏರಿಯ ಮೇಲೆ ನಾಲ್ಕು ಹೆಜ್ಜೆ ನಡೆದಿದ್ದರೆ ಅವರ ಮೊಕದ್ದಮೆ ಬಿದ್ದುಹೋಗುತ್ತಿತ್ತು.

ಪಾತಿವ್ರತ್ಯದ ಕಡೆಯವರಿಗೆ ಮಂಗಟ್ಟೆ ಅಚ್ಚುಮೆಚ್ಚು. ನಾಗರಹೊಳೆಯ ಕಾಡಿನ ಹಳೆಯ ಮರಗಳ ಪೊಟರೆಯಲ್ಲಿ ಹೆಣ್ಣುಮಂಗಟ್ಟೆ ಕುಳಿತು, ಬಾಗಿಲನ್ನು ಮುಚ್ಚಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಬಿಡುತ್ತದೆ. ವಾರಗಟ್ಟಲೆ ಗಂಡು ಹಣ್ಣನ್ನು ತಂದು ಆ ಸೀಳಿನಲ್ಲಿ ಕೊಡುತ್ತದೆ. ಇದನ್ನು ಕೇಳಿದವರು, "ನೋಡಿದಿರಾ, ಹೆಣ್ಣನ್ನು ಒಳಗಿಟ್ಟು ಸಾಕುವುದು ಗಂಡಿನ ಧರ್ಮ" ಎನ್ನುತ್ತಾರೆ. ಆದರೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿಕೊಳ್ಳುವುದು ಹೆಣ್ಣೇ, ಒಳಗಿನಿಂದಲೇ. ಕಾಲ ಬಂದಾಗ ಒಡೆದು ಹೊರಬರುವುದೂ ಅದೇ. ಒಳಗಿನ ಅಗುಳಿಗೂ ಹೊರಗಿನ ಬೀಗಕ್ಕೂ ಇರುವ ವ್ಯತ್ಯಾಸ ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಇನ್ನೊಂದು ಮಾತು. ಜೋಡಿಯಾಗಿ ಬಾಳುವ ಎಷ್ಟೋ ಚಿಕ್ಕ ಹಕ್ಕಿಗಳ ಮರಿಗಳನ್ನು 1980ರ ದಶಕದಿಂದೀಚೆಗೆ ವಂಶವಾಹಿ ಪರೀಕ್ಷೆಗೆ ಒಡ್ಡಿದಾಗ, ಒಂದೇ ಗೂಡಿನ ಮರಿಗಳಿಗೆ ಬೇರೆ ಬೇರೆ ತಂದೆಗಳಿರುವುದು ಕಂಡುಬಂದಿದೆ. ಜೊತೆಗೂಡಿ ಮರಿ ಸಾಕುವುದೇ ಬೇರೆ, ನಾವು ಹೇಳುವ ಪಾತಿವ್ರತ್ಯವೇ ಬೇರೆ.

ಕಾಡಿನ ಒಳಗಿನ ಸಾಕ್ಷಿಗಳೂ ಒಂದೇ ಮಾತನ್ನು ಹೇಳುವುದಿಲ್ಲ. 1990ರ ದಶಕದಲ್ಲಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳಿಗೆ ರೇಡಿಯೊ ಪಟ್ಟಿ ತೊಡಿಸಿ ಅವುಗಳ ಜಾಡು ಹಿಡಿದರು. ಹೆಣ್ಣುಹುಲಿ ಮೂರೂವರೆ ತಿಂಗಳು ಗರ್ಭ ಹೊತ್ತು, ಈದು, ಸುಮಾರು ಎರಡು ವರ್ಷ ಒಬ್ಬಂಟಿಯಾಗಿ ಬೇಟೆಯಾಡಿ ಮರಿಗಳನ್ನು ಸಾಕುತ್ತದೆ. ಗಂಡುಹುಲಿಯ ಎಲ್ಲೆಯಲ್ಲಿ ಹಲವು ಹೆಣ್ಣುಗಳ ನೆಲೆಗಳು ಸೇರಿರುತ್ತವೆ. ಮರಿ ಸಾಕುವ ಕೆಲಸ ಅದರದಲ್ಲ. ಆದರೆ ಅದು ತನ್ನ ಎಲ್ಲೆಯನ್ನು ಕಾಯ್ದುಕೊಂಡಿರುವವರೆಗೆ ಪರಗಂಡುಗಳ ಭಯ ಮರಿಗಳಿಗೆ ಕಡಿಮೆ. ಇದೇ ಕಾಡಿನ ಸೀಳುನಾಯಿಗಳದು ಅವಿಭಕ್ತ ಕುಟುಂಬ. ಎ.ಜೆ.ಟಿ. ಜಾನ್‌ಸಿಂಗ್ ಅವರು 1976ರಿಂದ 78ರವರೆಗೆ ಪಕ್ಕದ ಬಂಡೀಪುರದಲ್ಲಿ ಇವುಗಳ ಬಾಳನ್ನು ಹತ್ತಿರದಿಂದ ನೋಡಿದರು. ಗುಂಪಿನಲ್ಲಿ ಸಾಮಾನ್ಯವಾಗಿ ಒಂದೇ ಹೆಣ್ಣು ಮರಿಹಾಕುತ್ತದೆ. ಉಳಿದವು ಬೇಟೆಯಿಂದ ಹಿಂತಿರುಗಿ ತಾಯಿಗೂ ಮರಿಗಳಿಗೂ ಮಾಂಸವನ್ನು ಕಕ್ಕಿ ಉಣಿಸುತ್ತವೆ, ಗವಿಯನ್ನು ಕಾಯುತ್ತವೆ. ಒಂದೇ ನೆಲದಲ್ಲಿ, ಒಂದೇ ಜಿಂಕೆಯನ್ನು ತಿಂದು ಬದುಕುವ ಎರಡು ಬೇಟೆಪ್ರಾಣಿಗಳಿಗೆ ಎರಡು ಬಗೆಯ ಸಂಸಾರ!

ಆನೆಯ ಮಾತಂತೂ ನಮಗೆ ಮನೆಮಾತು. ದಸರೆಯ ಗಜಪಯಣ ಹೊರಡುವುದೇ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ಹುಲ್ಲಿಗೆ ಇಳಿಯುವ ಹಿಂಡುಗಳನ್ನು ನೋಡಿದರೆ ಮುಂದೆ ಹಿರಿಯ ಹೆಣ್ಣಾನೆ, ಹಿಂದೆ ಅದರ ಹೆಣ್ಣುಮಕ್ಕಳು, ಮೊಮ್ಮಕ್ಕಳು. ಗಂಡು ಬೆಳೆದ ಮೇಲೆ ಹಿಂಡನ್ನು ಬಿಟ್ಟು ಸಲಗವಾಗಿ ತಿರುಗುತ್ತದೆ. ಮದ ಬಂದಾಗ ಕಪೋಲದಿಂದ ರಸ ಸುರಿಸುತ್ತ ಹೆಣ್ಣುಗಳನ್ನು ಅರಸುತ್ತದೆ. ಹೆಣ್ಣುಗಳು ಎಳೆಯ ಸಲಗಗಳಿಂದ ತಪ್ಪಿಸಿಕೊಂಡು, ಮದವೇರಿದ ಹಿರಿಯ ಸಲಗಕ್ಕೆ ಒಲಿಯುವುದೇ ಹೆಚ್ಚು. ಗರ್ಭ ಸುಮಾರು 22 ತಿಂಗಳು. ನಾಲ್ಕೈದು ವರ್ಷಕ್ಕೆ ಒಂದು ಮರಿ. 2022ರ ಸೆಪ್ಟೆಂಬರಿನಲ್ಲಿ ದಸರೆಗೆಂದು ಕರೆತಂದಿದ್ದ ಲಕ್ಷ್ಮಿ ಎಂಬ ಹೆಣ್ಣಾನೆ ಮೈಸೂರು ಅರಮನೆಯ ಆವರಣದಲ್ಲೇ ಮರಿ ಹಾಕಿ ಎಲ್ಲರನ್ನೂ ಬೆರಗುಗೊಳಿಸಿತು. ಕೈಯಾರೆ ಮೇವು ಕೊಟ್ಟು ನೋಡಿಕೊಳ್ಳುವ ಆನೆಯ ಗುಟ್ಟೇ ನಮಗೆ ಹೀಗೆ ತಪ್ಪಿಹೋಗುವುದುಂಟು. ಕಾಡಿನ ಎಲ್ಲ ಪ್ರಾಣಿಗಳ ಮನಸ್ಸನ್ನು ಬಲ್ಲವರಂತೆ ನಾವು ಸಭೆಯಲ್ಲಿ ಮಾತನಾಡುತ್ತೇವೆ!

ಕಡೆಯ ಸಾಕ್ಷಿ ಕರಿಮೂತಿಯ ಮುಸುವ. 1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಎಂಬ ವಿದ್ವಾಂಸರು ನಮ್ಮ ಧಾರವಾಡದ ಸುತ್ತಣ ಕಾಡಿನಲ್ಲಿ ಮುಸುವಗಳನ್ನು ಅಭ್ಯಾಸ ಮಾಡಿದರು. ಹೊರಗಿನ ಗಂಡೊಂದು ಹಿಂಡಿನ ಯಜಮಾನನನ್ನು ಓಡಿಸಿ ಹಿಂಡನ್ನು ವಶಮಾಡಿಕೊಂಡಿತು. ಬಳಿಕ ತಾಯಂದಿರ ಮಡಿಲಲ್ಲಿದ್ದ ಎಳೆಮರಿಗಳನ್ನು ಕಚ್ಚಿ ಕೊಂದಿತು. ಮರಿ ಕಳೆದುಕೊಂಡ ಹೆಣ್ಣುಗಳು ಬೇಗನೆ ಮತ್ತೆ ಬೆದೆಗೆ ಬಂದು ಆ ಗಂಡನ್ನೇ ಕೂಡಿದವು. ಇದು ಇಕ್ಕಟ್ಟಿನಿಂದ ಹುಟ್ಟಿದ ರೋಗವೆಂದು ಕೆಲವರು ವಾದಿಸಿದರು. 1971ರಿಂದ ಅಬು ಪರ್ವತದ ಮುಸುವಗಳನ್ನು ನೋಡಿದ ಸಾರಾ ಹರ್ಡಿ ಎಂಬಾಕೆ 1977ರಲ್ಲಿ ಪುಸ್ತಕ ಬರೆದು, ಇದು ರೋಗವಲ್ಲ, ಗಂಡು ತನ್ನ ಸಂತಾನವನ್ನು ಬೇಗ ಪಡೆಯುವ ಒಂದು ಉಪಾಯ ಎಂದು ವಿವರಿಸಿದರು. ಹೆಣ್ಣುಗಳು ಸುಮ್ಮನಿರುವುದಿಲ್ಲ, ಒಟ್ಟುಗೂಡಿ ಮರಿಯ ರಕ್ಷಣೆಗೆ ನಿಲ್ಲುತ್ತವೆ, ಹಲವು ಗಂಡುಗಳನ್ನು ಕೂಡಿ ತಂದೆ ಯಾರೆಂಬುದನ್ನೇ ಮಸುಕುಮಾಡುತ್ತವೆ ಎಂಬುದನ್ನೂ ಅವರು ತೋರಿಸಿದರು. ಈಗ ಹೇಳಿ. "ಪ್ರಕೃತಿಯಲ್ಲಿ ಹೇಗಿದೆಯೋ ಹಾಗೆ ನಡೆಯಬೇಕು" ಎನ್ನುವವರು ಈ ಸಾಕ್ಷಿಯನ್ನು ಒಪ್ಪುವರೆ? ವಿಧವೆಯನ್ನು ಮದುವೆಯಾದವನು ಅವಳ ಮೊದಲ ಮಗುವನ್ನು ಹೊಸಕಿಹಾಕುವುದು ಸೃಷ್ಟಿಯ ನಿಯಮವೆನ್ನುವ ಧೈರ್ಯ ಯಾರಿಗಿದೆ? ಮುಸುವದ ಸಾಕ್ಷ್ಯವನ್ನು ತಳ್ಳಿಹಾಕುವವರು ಹೋರಿಯ ಸಾಕ್ಷ್ಯವನ್ನು ಮಾತ್ರ ಎತ್ತಿಹಿಡಿಯುವುದು ಯಾವ ನ್ಯಾಯ?

ಇಷ್ಟೊಂದು ಬಗೆಗಳು ಏಕೆ ಎಂಬುದಕ್ಕೆ ವಿಜ್ಞಾನ ಒಂದು ಉತ್ತರ ಕೊಡುತ್ತದೆ. ಗಂಡುಗಳ ಬಣ್ಣ, ಕುಣಿತ, ಕೊಂಬುಗಳು ಗಂಡುಗಳೊಳಗಿನ ಸ್ಪರ್ಧೆಯಿಂದಲೂ ಹೆಣ್ಣಿನ ಆಯ್ಕೆಯಿಂದಲೂ ಬೆಳೆದುಬಂದವೆಂದು ಡಾರ್ವಿನ್ 1871ರಲ್ಲಿ ಬರೆದ. ಹೆಣ್ಣಿಗೆ ಆರಿಸುವ ಶಕ್ತಿಯುಂಟೆಂಬುದನ್ನು ಆ ಕಾಲದ ಪಂಡಿತರಲ್ಲೇ ಬಹಳ ಮಂದಿ ಒಪ್ಪಲಿಲ್ಲ. ಪ್ರಾಣಿಗಳನ್ನು ನೋಡುವಾಗಲೂ ಅವರ ಕಣ್ಣಿಗೆ ಅವರ ಮನೆಯ ಕನ್ನಡಕವಿತ್ತು. ಸಂತಾನಕ್ಕಾಗಿ ಹೆಚ್ಚು ವೆಚ್ಚ ಮಾಡುವವರು ಹೆಚ್ಚು ಆರಿಸುತ್ತಾರೆ, ಕಡಿಮೆ ವೆಚ್ಚ ಮಾಡುವವರು ಅವರಿಗಾಗಿ ಸೆಣಸುತ್ತಾರೆ ಎಂದು 1972ರಲ್ಲಿ ರಾಬರ್ಟ್ ಟ್ರಿವರ್ಸ್ ತೋರಿಸಿಕೊಟ್ಟರು. ಗೀಜಗದಲ್ಲಿ ಮರಿಯ ಭಾರ ಹೆಣ್ಣಿನದು, ಆದ್ದರಿಂದ ಆಯ್ಕೆಯೂ ಅದರದೆ. ದೇವನಕ್ಕಿಯಲ್ಲಿ ಭಾರ ಗಂಡಿನದು, ಆದ್ದರಿಂದ ಸೆಣಸುವುದು ಹೆಣ್ಣು. ಅಂದರೆ ಸೃಷ್ಟಿಯಲ್ಲಿ "ಗಂಡಿನ ಧರ್ಮ", "ಹೆಣ್ಣಿನ ಧರ್ಮ" ಎಂದು ಹಣೆಯಲ್ಲಿ ಬರೆದದ್ದೇನೂ ಇಲ್ಲ. ಮೇವು, ಶತ್ರು, ಗೂಡು, ಕಾಲ ಇವುಗಳಿಗೆ ತಕ್ಕಂತೆ ಒಂದೊಂದು ಜೀವಿಯೂ ತನ್ನ ಸಂತಾನವನ್ನು ಉಳಿಸಿಕೊಳ್ಳುವ ದಾರಿಯನ್ನು ಕಂಡುಕೊಂಡಿದೆ, ಅಷ್ಟೆ.

ಇಲ್ಲೊಂದು ಆಕ್ಷೇಪಣೆ ಬರಬಹುದು. "ಮನುಷ್ಯನೂ ಪ್ರಾಣಿಯೇ ಎಂದು ವಿಜ್ಞಾನವೇ ಹೇಳುತ್ತದೆಯಲ್ಲ? ಹಾಗಿದ್ದರೆ ಪ್ರಾಣಿಗಳಿಂದ ಕಲಿಯುವುದು ತಪ್ಪೆ?" ತಪ್ಪಲ್ಲ. ಆದರೆ ಕಾರಣ ತಿಳಿಯುವುದು ಬೇರೆ, ನೀತಿ ಕಲಿಯುವುದು ಬೇರೆ. ಜ್ವರ ಏಕೆ ಬರುತ್ತದೆಂದು ತಿಳಿದವನು ಜ್ವರ ಒಳ್ಳೆಯದೆಂದು ಹೇಳಿದಂತಾಗುವುದಿಲ್ಲ. ಗಂಡುಮುಸುವ ಮರಿಯನ್ನು ಕೊಲ್ಲುವ ಕಾರಣವನ್ನು ವಿವರಿಸಿದ ಸಾರಾ ಹರ್ಡಿ ಅದನ್ನು ಮೆಚ್ಚಿ ಬರೆಯಲಿಲ್ಲ. ಮನುಷ್ಯ ಪ್ರಾಣಿಯೇ ಹೌದು; ಆದರೆ ತನ್ನ ನಡತೆಗೆ ಕಾರಣ ಕೇಳಿದಾಗ ಉತ್ತರ ಹೇಳಬೇಕಾದ ಪ್ರಾಣಿ. "ಹೋರಿ ಹಾಗೆ ಮಾಡುತ್ತದೆ" ಎಂಬುದು ಉತ್ತರವಲ್ಲ, ಉತ್ತರದಿಂದ ತಪ್ಪಿಸಿಕೊಳ್ಳುವ ದಾರಿ. ಹಾಗೆಯೇ "ಆನೆಯಲ್ಲಿ ಹೆಣ್ಣೇ ಯಜಮಾನಿ" ಎಂಬುದೂ ನಮ್ಮ ವಿದ್ಯಾರ್ಥಿನಿಯರಿಗೆ ಬೇಕಾದ ಆಧಾರವಲ್ಲವೆಂದು ನನ್ನ ನಮ್ರ ಅಭಿಪ್ರಾಯ. ಅವರ ಹಕ್ಕು ಆನೆಯಿಂದ ಬಂದದ್ದಲ್ಲ. ನಾಳೆ ಆನೆಯ ವಿಷಯದಲ್ಲಿ ಹೊಸ ಸಂಗತಿ ತಿಳಿದುಬಂದರೆ ಅವರ ಹಕ್ಕು ಕಳೆದುಹೋಗುವುದೂ ಇಲ್ಲ.

ನನ್ನೊಡನೆ ಮೊದಲ ವರ್ಷದ ತರಗತಿಯಲ್ಲಿ ಕುಳಿತಿದ್ದ ಹುಡುಗಿಯರಲ್ಲಿ ಕೆಲವರು ಎರಡನೆಯ ವರ್ಷಕ್ಕೆ ಬರಲಿಲ್ಲ. ಮದುವೆಯಾಯಿತು, ಓದು ನಿಂತಿತು. "ಹಕ್ಕಿಗೆ ರೆಕ್ಕೆ ಬಂದ ಮೇಲೆ ಗೂಡು ಕಟ್ಟಬೇಡವೆ?" ಎಂದು ಅವರ ಮನೆಗಳಲ್ಲಿ ಕೇಳಿದರಂತೆ. ಹಕ್ಕಿಗೆ ಪರೀಕ್ಷೆಯಿಲ್ಲ, ನೌಕರಿಯಿಲ್ಲ, ಹಾಸ್ಟೆಲಿನ ಅರ್ಜಿಯಿಲ್ಲ. ಹುಡುಗಿಯ ಮುಂದೆ ಇವೆಲ್ಲ ಇದ್ದವು. ಅವಳ ಮದುವೆಯನ್ನು ಯಾವಾಗ ಮಾಡಬೇಕೆಂಬುದನ್ನು ಅವಳನ್ನು ಕೇಳಿ ನಿರ್ಧರಿಸಬೇಕಾಗಿತ್ತೇ ಹೊರತು ಹಕ್ಕಿಯನ್ನು ಕೇಳಿ ಅಲ್ಲ.

1955ರಲ್ಲಿ ನಮ್ಮ ದೇಶದಲ್ಲಿ ಹಿಂದೂ ವಿವಾಹ ಕಾಯಿದೆ ಬಂದು, ಒಬ್ಬ ಹೆಂಡತಿ ಇರುವಾಗ ಇನ್ನೊಬ್ಬಳನ್ನು ಮದುವೆಯಾಗುವುದನ್ನು ನಿಷೇಧಿಸಿತು. ಆ ಕಾಯಿದೆಯನ್ನು ಮಾಡಿದವರು ಗೀಜಗನನ್ನೂ ಕೇಳಲಿಲ್ಲ, ಮಂಗಟ್ಟೆಯನ್ನೂ ಕೇಳಲಿಲ್ಲ. ಮನುಷ್ಯರು ಕುಳಿತು, ವಾದಿಸಿ, ಹೆಣ್ಣಿಗೆ ಆಗುತ್ತಿದ್ದ ಅನ್ಯಾಯವನ್ನು ಎಣಿಸಿ ಮಾಡಿದ ಕಟ್ಟು ಅದು. ಅದೇ ವರ್ಷ ನಾಗರಹೊಳೆಯ ಕಾಡಿನ ಒಂದು ಭಾಗಕ್ಕೆ ಅಭಯಾರಣ್ಯದ ರಕ್ಷಣೆಯೂ ದೊರೆಯಿತು. ಎರಡೂ ಒಳ್ಳೆಯ ಕೆಲಸಗಳೇ. ಮನುಷ್ಯರ ಸಂಸಾರಕ್ಕೆ ಮನುಷ್ಯರು ಯೋಚಿಸಿ ಮಾಡಿದ ನ್ಯಾಯ ಬೇಕು, ಪ್ರಾಣಿಗಳ ಸಂಸಾರಕ್ಕೆ ಕಾಡು, ಕೆರೆ, ಮರಗಳು ಬೇಕು.

ಆದ್ದರಿಂದ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ. ಪ್ರಾಣಿಗಳನ್ನು ನೋಡಿ, ಧಾರಾಳವಾಗಿ ನೋಡಿ. ಕಲಾವಿಭಾಗದವರಿಗೆ ಇದು ಸಲ್ಲದೆಂದು ಯಾರೂ ಹೇಳಿಲ್ಲ. ಬಾವಿಯ ಮೇಲಿನ ಜಾಲಿ ಉಳಿದರೆ ಗೀಜಗ ಉಳಿದೀತು, ಕೆರೆ ಒತ್ತುವರಿಯಾಗದಿದ್ದರೆ ದೇವನಕ್ಕಿ ಉಳಿದೀತು, ಪೊಟರೆಯಿರುವ ಮುದಿಮರವನ್ನು ಸೌದೆಗೆಂದು ಕಡಿಯದಿದ್ದರೆ ಮಂಗಟ್ಟೆಗೆ ಮನೆ ಉಳಿದೀತು. ಆದರೆ ಪಂಚಾಯಿತಿಕಟ್ಟೆಯಲ್ಲಿ ತಲೆತಗ್ಗಿಸಿ ನಿಂತ ಹೆಣ್ಣಿನ ಎದುರಿಗೆ ಅವುಗಳನ್ನು ಸಾಕ್ಷಿಯಾಗಿ ನಿಲ್ಲಿಸಬೇಡಿ. ಅವು ಯಾರ ಪರವಾಗಿಯೂ ಬಂದಿಲ್ಲ. ಆ ಕಟ್ಟೆಯಲ್ಲಿ ಬಾಯಿ ಬಿಡಬೇಕಾದವಳು ಆ ಹೆಣ್ಣು, ಕೇಳಿಸಿಕೊಳ್ಳಬೇಕಾದವರು ನಾವು.